ಲ್ಯಾಟಿನ್ ವೇಷ ತೊಟ್ಟ ಕತ್ತಲೆಕಾನು

ಇಂಗ್ಲಿಷಿನ ಸಸ್ಯಶಾಸ್ತ್ರ ಪ್ರಬಂಧವೊಂದರ ನಡುವೆ, ಓರೆಯಾಗಿ ಬಾಗಿದ ಅಕ್ಷರಗಳಲ್ಲಿ ಎರಡು ಪದಗಳು ಅಚ್ಚಾಗಿವೆ. ಮೊದಲನೆಯದು ಸೆಮೆಕಾರ್ಪಸ್. ಇರಲಿ, ಗ್ರೀಕೋ ಲ್ಯಾಟಿನ್ನೋ ಏನೋ ಒಂದು. ಎರಡನೆಯದನ್ನು ಅಕ್ಷರ ಅಕ್ಷರವಾಗಿ ಓದಿ: ಕೆ, ಎ, ಟಿ, ಎಚ್, ಎ, ಎಲ್, ಇ, ಕೆ, ಎ, ಎನ್... ಮುಗಿಯಲಿಲ್ಲ, ಇನ್ನೂ ಇದೆ, ಇ, ಎನ್, ಎಸ್, ಐ, ಎಸ್. ಒಟ್ಟು 15 ಅಕ್ಷರ! ಇಂಗ್ಲೆಂಡಿನ ಓದುಗ ಇಲ್ಲಿಗೆ ಬರುವಷ್ಟರಲ್ಲಿ ಸುಸ್ತು. ಕ್ಯಾಥಲಿ, ಕಥಾಲೆ, ಕಾಥಲೇಕ... ಎಲ್ಲಿ ತುಂಡರಿಸಬೇಕು, ಎಲ್ಲಿ ಒತ್ತಬೇಕು ತಿಳಿಯದೆ ಮುಂದಿನ ಸಾಲಿಗೆ ಜಾರಿಕೊಳ್ಳುತ್ತಾನೆ.

ನೀವು ಮಾತ್ರ ಜಾರಬೇಡಿ. ಇನ್ನೊಮ್ಮೆ ಓದಿ, ಈ ಸಲ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ಕತ್ತಲೆ. ಕಾನು. ಎನ್ಸಿಸ್.

ಕತ್ತಲೆಕಾನು! ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟ ಹತ್ತುವ ಹೆದ್ದಾರಿಯ ಪಕ್ಕದಲ್ಲಿ, ಸಿದ್ದಾಪುರ ತಾಲ್ಲೂಕಿನ ಅಂಚಿನಲ್ಲಿ, ಹಗಲಲ್ಲೂ ಬಿಸಿಲು ನೆಲ ಮುಟ್ಟದ ನಮ್ಮ ಕತ್ತಲೆಕಾನು! ಅದೇ ಈ ಲ್ಯಾಟಿನ್ ವೇಷ ತೊಟ್ಟು, ಜಗತ್ತಿನ ಯಾವ ಮೂಲೆಯ ಸಸ್ಯಶಾಸ್ತ್ರಜ್ಞನೂ ಒಪ್ಪಲೇಬೇಕಾದ ಹೆಸರಾಗಿ ಕುಳಿತಿದೆ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಹೇಳಿ ನೋಡಿ, ಬಾಯಿ ತುಂಬುತ್ತದೆ.

ಕೊನೆಯ ‘ಎನ್ಸಿಸ್’ ಲ್ಯಾಟಿನ್ನಿನ ಒಂದು ಪ್ರತ್ಯಯ. ಊರಿನ ಹೆಸರಿಗೆ ಅಂಟಿಕೊಂಡರೆ ‘ಅಲ್ಲಿಯದು’ ಎಂದು ಸಾರುತ್ತದೆ. ಅಂದರೆ ಈ ಹದಿನೈದು ಅಕ್ಷರಗಳಲ್ಲಿ ಹತ್ತು ಅಚ್ಚ ಕನ್ನಡ, ಬರೀ ಐದು ಲ್ಯಾಟಿನ್. ಮಲೆನಾಡಿಗರಿಗೆ ಕಾನು ಎಂದರೇನೆಂದು ವಿವರಿಸಬೇಕಿಲ್ಲ. ಸುತ್ತ ಬಯಲು, ಬೇಣ, ಗದ್ದೆ ಇದ್ದರೂ ನಡುವೆ ಕೊಡಲಿ ಬೀಳದೆ ಉಳಿದ ಹಳೆಯ ನಿತ್ಯಹರಿದ್ವರ್ಣ ಕಾಡು. ಬಹಳ ಕಡೆ ಒಳಗೊಬ್ಬ ದೇವರು, ಕಾಳುಮೆಣಸಿನ ಬಳ್ಳಿ, ಬತ್ತದ ನೀರಿನ ಸೆಲೆ. ಬ್ರಿಟಿಷರಿಗೆ ಈ ಕಾನುಗಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂಬುದೇ ತಲೆನೋವಾಗಿತ್ತು. ಭಾರತದ ಅರಣ್ಯ ಇಲಾಖೆಗೆ ಅಡಿಪಾಯ ಹಾಕಿದ ಡೀಟ್ರಿಚ್ ಬ್ರಾಂಡಿಸ್ 1868ರಲ್ಲಿ ಸೊರಬದ ಕಾನುಗಳ ಬಗ್ಗೆ ಗ್ರಾಂಟ್ ಎಂಬ ಅಧಿಕಾರಿಯ ಜೊತೆ ಕೂತು ವರದಿಯನ್ನೇ ಬರೆಯಬೇಕಾಯಿತು. ಆ ವರದಿಯ ಇಂಗ್ಲಿಷಿನಲ್ಲೂ ಅದು ಕಾನ್ ಆಗಿಯೇ ಉಳಿಯಿತು.

ಇನ್ನು ಮೊದಲ ಪದ. ಇದನ್ನು ಗ್ರೀಕೋ ಲ್ಯಾಟಿನ್ನೋ ಎಂದು ಪಕ್ಕಕ್ಕೆ ಸರಿಸಿದ್ದೆವಲ್ಲ, ಅಸಲಿ ಸೋಜಿಗ ಇಲ್ಲಿದೆ!

ಸೆಮೆಯಾನ್ ಎಂದರೆ ಗ್ರೀಕಿನಲ್ಲಿ ಗುರುತು. ಕಾರ್ಪೋಸ್ ಎಂದರೆ ಹಣ್ಣು, ಕಾಯಿ. ಗುರುತು ಹಾಕುವ ಕಾಯಿ! ಹಳಬರಿಗೆ ಥಟ್ಟನೆ ನೆನಪಾಗಿರಬೇಕು: ಮಡಿವಾಳರು ಯಾರ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಮೂಲೆಯಲ್ಲಿ ಕಪ್ಪು ಚುಕ್ಕಿ ಇಡುತ್ತಿದ್ದರು. ಎಷ್ಟು ಒಗೆದರೂ ಹೋಗದ ಚುಕ್ಕಿ. ಅದು ಗೇರುಕಾಯಿಯ ಸೊನೆ. ಇಂದಿನ ಗೋಡಂಬಿಯ ಗೇರಲ್ಲ, ಕಾಡಿನ ಗೇರು, ಆಯುರ್ವೇದದ ಭಲ್ಲಾತಕ. ಇಂಗ್ಲಿಷಿನಲ್ಲೂ ಅದಕ್ಕೆ ಧೋಬಿಯ ಕಾಯಿ ಎಂದೇ ಹೆಸರಿದೆ. ಸ್ವೀಡನ್ನಿನ ಹೆಸರಾಂತ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಮಗ, ಅಪ್ಪನ ಹೆಸರನ್ನೇ ಹೊತ್ತ ಇನ್ನೊಬ್ಬ ಕಾರ್ಲ್ ಲಿನೇಯಸ್, ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ ಸ್ವೀಡನ್ನಿನಲ್ಲಿ ಕೂತು ಈ ಕುಲಕ್ಕೆ ಸೆಮೆಕಾರ್ಪಸ್ ಎಂದು ಹೆಸರಿಟ್ಟ. ನಮ್ಮ ಕೇರಿಯ ಮಡಿವಾಳರ ಕಸುಬು ಗ್ರೀಕ್ ಭಾಷೆಯಲ್ಲಿ ಅಮರವಾಗಿಹೋಯಿತು! ಆ ಮಡಿವಾಳರಿಗೆ ಮಾತ್ರ ಇದು ಯಾವತ್ತೂ ತಿಳಿದಿರಲಾರದು.

ಕಾಡುಗೇರಿನ ಪೂರ್ತಿ ವೈಜ್ಞಾನಿಕ ಹೆಸರು ಸೆಮೆಕಾರ್ಪಸ್ ಅನಕಾರ್ಡಿಯಂ. ಗೋಡಂಬಿ ಮರದ ಹೆಸರು ಅನಕಾರ್ಡಿಯಂ ಆಕ್ಸಿಡೆಂಟೇಲ್. ಎರಡರಲ್ಲೂ ಅನಕಾರ್ಡಿಯಂ ಏಕೆ? ಯುರೋಪಿನ ಹಳೆಯ ಔಷಧ ವ್ಯಾಪಾರಿಗಳು ಅನಕಾರ್ಡಿಯಂ ಎಂದು ಕರೆಯುತ್ತಿದ್ದದ್ದು ಭಾರತದಿಂದ ಬರುತ್ತಿದ್ದ ಕಾಡುಗೇರಿನ ಕಾಯಿಯನ್ನು. ಹೃದಯದ ಆಕಾರದ ಕಾಯಿ, ಅದಕ್ಕೇ ‘ಕಾರ್ಡಿ’. ಆಮೇಲೆ ಬ್ರೆಜಿಲ್‌ನಿಂದ ಅದೇ ಬಳಗದ ಗೋಡಂಬಿ ಬಂತು, ಹಳೆಯ ಹೆಸರನ್ನು ಹೊಸಬನೇ ಹಾರಿಸಿಕೊಂಡ. 1753ರಲ್ಲಿ ದೊಡ್ಡ ಲಿನೇಯಸ್ ಗೋಡಂಬಿಗೇ ಆ ಕುಲನಾಮ ಕೊಟ್ಟು ಮುದ್ರೆ ಒತ್ತಿದ. ಮೂಲದ ಒಡೆಯನಾದ ಕಾಡುಗೇರಿಗೆ ಅದು ಹಿಂಬಾಲದ ಪದವಾಗಿ ಉಳಿಯಿತು.

ಈಗ ಕನ್ನಡದ ಕಡೆ ತಿರುಗಿ. ಗೇರು ಎಂದರೆ ಮೂಲದಲ್ಲಿ ಯಾವ ಮರ? ಕಾಡಿನದೇ! ಪೋರ್ಚುಗೀಸರು ತಂದ ಬ್ರೆಜಿಲ್ ಮರ ಕರಾವಳಿಯಲ್ಲಿ ಬೇರೂರಿದ ಮೇಲೆ ಗೇರು ಎಂಬ ಹೆಸರು ಅದರ ಪಾಲಾಯಿತು, ಹಳೆಯ ಗೇರು ಕಾಡುಗೇರಾಗಿ ಹಿಂದೆ ಸರಿಯಿತು. ಮರಾಠಿಯಲ್ಲಿ ಇವತ್ತಿಗೂ ಗೋಡಂಬಿ ಎಂದರೆ ಕಾಡುಗೇರಿನ ಒಳತಿರುಳು, ಪೇಟೆಯ ಗೋಡಂಬಿಯಲ್ಲ. ಅಬ್ಬಾ! ಒಂದರ ಸುದ್ದಿ ಒಂದಕ್ಕಿಲ್ಲದ ಎರಡು ಲೋಕಗಳು, ಅತ್ತ ಯುರೋಪಿನ ಪಂಡಿತರು, ಇತ್ತ ನಮ್ಮ ಕರಾವಳಿಯ ರೈತರು. ಇಬ್ಬರೂ ಅದೇ ಎರಡು ಮರಗಳ ನಡುವೆ, ಅದೇ ದಿಕ್ಕಿನಲ್ಲಿ ಹೆಸರನ್ನು ಎತ್ತಿ ಕೊಟ್ಟಿದ್ದಾರೆ.

ಗೇರಿನ ಬಳಗ ಅಲ್ಲಿಗೇ ನಿಲ್ಲುವುದಿಲ್ಲ. ಮಲೆನಾಡಿನ ಹೊಳಗೇರು ಗೊತ್ತಲ್ಲ, ಸೊನೆ ಸೋಕಿದರೆ ಮೈಯೆಲ್ಲ ಬಾತು ಗುಳ್ಳೆ ಏಳಿಸುವ ಮರ? ಅದರ ಕುಲದ ಹೆಸರು ಹೊಲಿಗಾರ್ನಾ. 1800ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಕಿವಿಗೆ ಬಿದ್ದ ಕನ್ನಡದ ಹೆಸರೇ ಹೀಗೆ ಲ್ಯಾಟಿನ್ ಬಾಲ ಬೆಳೆಸಿಕೊಂಡಿತು. ಇನ್ನು ಮಲಯಾಳದಲ್ಲಿ ಇದೇ ಬಳಗಕ್ಕೆ ಚೇರು ಎನ್ನುತ್ತಾರೆ. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೇರು ಅಥವಾ ಗೇರು ಅವರಿಗೆ ಚೇರು. ಮಾವಿನ ಮರವೂ ಇದೇ ಕುಟುಂಬದ್ದು. ಮಾವಿನಕಾಯಿಯ ತೊಟ್ಟಿನ ಸೊನೆ ಕೆಲವರ ತುಟಿ ಸುಡುವುದು ಸುಮ್ಮನೆ ಅಲ್ಲ.

ಈಗ ಮರದ ಬುಡಕ್ಕೆ ಹೋಗೋಣ.

ಕತ್ತಲೆಕಾನಿನ ಒಳಗೆ ಹಳ್ಳಗಳು ಓಡುವ ಬದಲು ನಿಂತು ಹರಡಿಕೊಳ್ಳುವ ಜಾಗಗಳಿವೆ. ವರ್ಷವಿಡೀ ಕೆಸರು, ಕಾಲಿಟ್ಟರೆ ಮೊಣಕಾಲು ಹೂತುಹೋಗುವ ಕಪ್ಪು ನೆಲ. ರಾಮಪತ್ರೆ ಜಡ್ಡಿ ಎಂದು ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ಇದು ಮಿರಿಸ್ಟಿಕಾ ಸ್ವಾಂಪ್. ಜಾಯಿಕಾಯಿಯ ಕಾಡು ನೆಂಟರು ಇಲ್ಲಿನ ಯಜಮಾನರು. ಕೆಸರಿನೊಳಗೆ ಬೇರಿಗೆ ಗಾಳಿ ಸಿಗದು ನೋಡಿ, ಆದ್ದರಿಂದ ಜಿಮ್ನಾಕ್ರಾಂತೆರಾ ಕೆನರಿಕಾ ಎಂಬ ಮರದ ಬೇರುಗಳು ನೆಲದಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ, ಗಾಳಿ ಕುಡಿದು ಮತ್ತೆ ಕೆಸರಿಗೆ ಇಳಿಯುತ್ತವೆ. ಇನ್ನೊಂದು, ಮಿರಿಸ್ಟಿಕಾ ಮ್ಯಾಗ್ನಿಫಿಕಾ, ಕಾಂಡದ ಮೇಲಿನಿಂದಲೇ ಸುತ್ತ ಊರುಗೋಲು ಬೇರುಗಳನ್ನು ಇಳಿಬಿಟ್ಟು ಜೌಗಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಹೂಬಿಡುವ ಸಸ್ಯಗಳ ತೀರ ಪುರಾತನವಾದ ವಂಶಗಳಲ್ಲಿ ಒಂದು ಇವುಗಳದ್ದು. ಭಾರತದಲ್ಲಿ ಇಂಥ ಜೌಗು ಕಾಡಿದೆ ಎಂಬುದನ್ನು ಕೃಷ್ಣಮೂರ್ತಿ ಎಂಬವರು ತಿರುವಾಂಕೂರಿನ ಕಡೆಯಿಂದ ವಿಜ್ಞಾನಲೋಕಕ್ಕೆ ತಿಳಿಸಿದ್ದೇ 1960ರಲ್ಲಿ. ಅಷ್ಟು ತಡವಾಗಿ! ಮರದ ಮೇಲೆ ಸಿಂಗಳೀಕ, ಕೆಳಗೆ ಕಪ್ಪೆಗಳ ಸಾಮ್ರಾಜ್ಯ.

ಅಂಥ ಜೌಗಿನ ನಡುವೆ ಹಾಳೆಯಂಥ ಉದ್ದ ಎಲೆಗಳ ಒಂದು ಎತ್ತರದ ಮರ. ಸೊನೆ ಇದೆ, ಗೇರಿನ ಬಳಗದ್ದೆಂದು ಗೊತ್ತಾಗುತ್ತದೆ. ಆದರೆ ಯಾವ ಗೇರು? ಗ್ರಂಥಗಳಲ್ಲಿದ್ದ ಯಾವ ಸೆಮೆಕಾರ್ಪಸ್‌ಗೂ ಇದು ತಾಳೆಯಾಗಲಿಲ್ಲ. ದಾಸಪ್ಪ ಮತ್ತು ಸ್ವಾಮಿನಾಥ್ 2000ದಲ್ಲಿ, 1875ರಿಂದಲೂ ಹೊರಬರುತ್ತಿರುವ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಇದು ಜಗತ್ತಿಗೇ ಹೊಸ ಪ್ರಭೇದ ಎಂದು ಸಾರಿದರು. ಯೋಚಿಸಿ, ಇಸವಿ 2000! ಚಂದ್ರನ ಮೇಲೆ ಕಾಲಿಟ್ಟು ಮೂರು ದಶಕ ದಾಟಿತ್ತು. ಹೆದ್ದಾರಿಯಲ್ಲಿ ಜೋಗಕ್ಕೆ ಹೋಗುವ ಬಸ್ಸುಗಳು ತಲೆಮಾರುಗಳಿಂದ ಹಾರ್ನ್ ಹೊಡೆಯುತ್ತ ಆ ಕಾಡಿನ ಮಗ್ಗುಲಲ್ಲೇ ಸಾಗುತ್ತಿದ್ದವು. ಅದರ ಒಳಗಿನ ಈ ದೊಡ್ಡ ಮರಕ್ಕೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ.

ಹೆಸರಿಡುವುದೂ ಸುಲಭದ ಮಾತಲ್ಲ. ಸಸ್ಯಗಳ ಹೆಸರಿಗೆ ಅಂತರರಾಷ್ಟ್ರೀಯ ಕಟ್ಟಳೆಗಳ ಪುಸ್ತಕವೇ ಇದೆ. ಹೊಸ ಪ್ರಭೇದ ಎಂದು ಹೇಳುವವರು ಒಣಗಿಸಿದ ಒಂದು ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇಟ್ಟು, ‘ಈ ಹೆಸರು ಎಂದೆಂದಿಗೂ ಇದಕ್ಕೆ ಸೇರಿದ್ದು’ ಎಂದು ತೋರಿಸಬೇಕು. ಅದರ ಜೊತೆಗೆ ಇನ್ನೊಂದು ಕಟ್ಟಳೆ: 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯದ ಲಕ್ಷಣಗಳನ್ನು ಲ್ಯಾಟಿನ್ ಭಾಷೆಯಲ್ಲೇ ಬರೆಯಬೇಕಿತ್ತು, ಇಲ್ಲವಾದರೆ ಆ ಹೆಸರು ಊರ್ಜಿತವೇ ಅಲ್ಲ. 2012ರ ಜನವರಿ 1ರಿಂದ ಮಾತ್ರ ಇಂಗ್ಲಿಷಿಗೂ ಅವಕಾಶ ಸಿಕ್ಕಿತು. ಹಾಗಾದರೆ 2000ದಲ್ಲಿ ನಮ್ಮ ಸಿದ್ದಾಪುರ ಸೀಮೆಯ ಮರಕ್ಕೆ ಜನ್ಮಪತ್ರಿಕೆ ಬರೆಯಲು, ರೋಮ್ ಸಾಮ್ರಾಜ್ಯದ ಭಾಷೆಯೇ ಬೇಕಾಯಿತು! ಯಾರೂ ಮಾತಾಡದ ಭಾಷೆಯಲ್ಲಿ, ಯಾರೂ ನೋಡದ ಮರ. ಈ ಲ್ಯಾಟಿನ್ ಹಟ ನನಗೆ ಒಂದು ಕಾಲಕ್ಕೆ ಪಂಡಿತರ ಠೇಂಕಾರ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಯಾವ ದೇಶದ ಸೊತ್ತೂ ಅಲ್ಲದ ಭಾಷೆಯಾದ್ದರಿಂದಲೇ ಅದರೊಳಗೆ ಕತ್ತಲೆಕಾನು ಇಂಗ್ಲಿಷಾಗಿ ತಿದ್ದಿಸಿಕೊಳ್ಳದೆ ಉಳಿಯಿತು.

ಸರಿ, ಹೆಸರೇನೋ ಅರ್ಥವಾಯಿತು. ಇಂಗ್ಲಿಷಿನಲ್ಲಿ ಇದನ್ನು ಬಳಸುವುದು ಹೇಗೆ? ನಮ್ಮ ಎಷ್ಟೋ ವಿದ್ಯಾರ್ಥಿಗಳು, ಪತ್ರಕರ್ತರು, ಮನವಿಪತ್ರ ಬರೆಯುವ ಪರಿಸರಾಸಕ್ತರು ಎಡವುವುದು ಇಲ್ಲೇ. ಕುಲದ ಹೆಸರು ಸೆಮೆಕಾರ್ಪಸ್‌ನ ಮೊದಲಕ್ಷರ ದೊಡ್ಡದು, ಎಂದೆಂದೂ ದೊಡ್ಡದು. ಎರಡನೇ ಪದದ ಕೆ ಮಾತ್ರ ಸಣ್ಣದು, ಊರಿನ ಹೆಸರಾದರೂ ಸಣ್ಣದೇ! ಇಂಗ್ಲಿಷಿನ ಶಾಲೆಯಲ್ಲಿ ಊರಿನ ಹೆಸರಿಗೆ ದೊಡ್ಡಕ್ಷರ ಎಂದು ಬಾಯಿಪಾಠ ಮಾಡಿದ ಕೈ ಇಲ್ಲಿ ತಂತಾನೇ ದೊಡ್ಡ ಕೆ ಬರೆದುಬಿಡುತ್ತದೆ. ಅಚ್ಚಿನಲ್ಲಿ ಎರಡೂ ಪದ ಓರೆಯಕ್ಷರದಲ್ಲಿರಬೇಕು, ಕೈಬರಹದಲ್ಲಾದರೆ ಅಡಿಗೆರೆ. ಹೆಸರಿನ ಮುಂದೆ ಇಂಗ್ಲಿಷಿನ ‘ದಿ’ ಬೇಡ. ಕೊನೆಗೆ ಎಸ್ ಸೇರಿಸಿ ಬಹುವಚನ ಮಾಡುವ ಹಾಗಿಲ್ಲ. ಹಿಂದೆ ದಾಸಪ್ಪ ಮತ್ತು ಸ್ವಾಮಿನಾಥ್ ಎಂದು ಬಂದರೆ ಅದು ಹೆಸರಿಟ್ಟವರ ಗುರುತು, ಅದನ್ನು ಓರೆ ಮಾಡಬಾರದು, ನೆಟ್ಟಗೆ ಬರೆಯಬೇಕು. ಸಾಮಾನ್ಯ ಲೇಖನದಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ.

ಒಮ್ಮೆ ಪೂರ್ತಿ ಬರೆದ ಮೇಲೆ ಮುಂದೆ ಎಸ್ ಎಂಬ ಒಂದೇ ಅಕ್ಷರ, ಚುಕ್ಕಿ, ಆಮೇಲೆ ಕತ್ತಲೆಕಾನೆನ್ಸಿಸ್ ಎಂದರೆ ಸಾಕು. ಆದರೆ ಅದೇ ಜೌಗಿನಲ್ಲಿ ನೇರಳೆಯ ಬಳಗದ ಸಿಜಿಜಿಯಂ ಟ್ರಾವಂಕೋರಿಕಂ ಎಂಬ ಅಪರೂಪದ ಮರವೂ ಇದೆ. ಅದೂ ಎಸ್! ಸೆಮೆಕಾರ್ಪಸ್ ಕುಲದಲ್ಲೂ ತಿರುವಾಂಕೂರಿನ ಹೆಸರು ಹೊತ್ತ ಮರವೊಂದುಂಟು. ಎಸ್ ಚುಕ್ಕಿ ಟ್ರಾವಂಕೋ... ಎಂದು ಬರೆದು ಕೊನೆಯ ಅಕ್ಷರ ತಪ್ಪಿದರೆ ನೇರಳೆ ಹೋಗಿ ಗೇರು ಬಂದೀತು. ಇಂಥಲ್ಲಿ ಸೋಮಾರಿತನ ಬಿಟ್ಟು ಪೂರ್ತಿ ಬರೆಯುವುದೇ ಕ್ಷೇಮ.

ಕೊನೆಯಕ್ಷರದ ಚಮತ್ಕಾರ ಇನ್ನೊಂದಿದೆ, ಇದು ನನಗೆ ಬಲು ಇಷ್ಟ. ಮುಂಬೈ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಟಾಲ್ಬಟ್ ಉತ್ತರ ಕನ್ನಡದ ಒಂದು ಮರಕ್ಕೆ ಯುಜೀನಿಯಾ ಕೆನರೆನ್ಸಿಸ್ ಎಂದು ಹೆಸರಿಟ್ಟ. ಕೆನರಾ ಸೀಮೆಯದು ಎಂದರ್ಥ. ಮುಂದೆ ಅದು ಯುಜೀನಿಯಾ ಅಲ್ಲ, ಸಿಜಿಜಿಯಂ ಕುಲಕ್ಕೆ ಸೇರಬೇಕು ಎಂದು ತೀರ್ಮಾನವಾಯಿತು. ಯುಜೀನಿಯಾ ಲ್ಯಾಟಿನ್ ವ್ಯಾಕರಣದಲ್ಲಿ ಸ್ತ್ರೀಲಿಂಗ, ಸಿಜಿಜಿಯಂ ನಪುಂಸಕ. ತಕ್ಷಣ ಕೆನರೆನ್ಸಿಸ್ ಹೋಗಿ ಕೆನರೆನ್ಸೆ ಆಯಿತು! ಮರ ಅದೇ, ಕಾಡು ಅದೇ, ಎಲೆಯೊಂದೂ ಅಲುಗಲಿಲ್ಲ. ವ್ಯಾಕರಣ ಮಾತ್ರ ಮಗ್ಗುಲು ಬದಲಿಸಿತು. ಹೆಸರಿಟ್ಟ ಟಾಲ್ಬಟ್ ಕೂಡ ಅಂದಿನಿಂದ ಹೆಸರಿನ ಹಿಂದೆ ಬರುವ ಆವರಣ ಚಿಹ್ನೆಯೊಳಗೆ ಸೇರಿಕೊಂಡ. ಅವಳು ಬಂದಳು, ಅದು ಬಂತು ಎಂದು ಲಿಂಗಕ್ಕೆ ತಕ್ಕಂತೆ ಕ್ರಿಯಾಪದ ತಿರುಗಿಸುವ ಕನ್ನಡಿಗರಿಗೆ ಇದು ತಟ್ಟನೆ ಹೊಳೆಯುತ್ತದೆ. ಸೆಮೆಕಾರ್ಪಸ್ ಪುಲ್ಲಿಂಗ, ಅಲ್ಲಿ ಎನ್ಸಿಸ್ ಎನ್ಸಿಸ್ಸಾಗಿಯೇ ಉಳಿಯುತ್ತದೆ.

ಉಚ್ಚಾರ? ಸಸ್ಯನಾಮದ ಕಟ್ಟಳೆಗಳ ಪುಸ್ತಕ ಉಚ್ಚಾರದ ಗೊಡವೆಗೇ ಹೋಗುವುದಿಲ್ಲ. ಸಸ್ಯಶಾಸ್ತ್ರದ ಲ್ಯಾಟಿನ್ ಬಗ್ಗೆ 1966ರಲ್ಲಿ ದೊಡ್ಡ ಗ್ರಂಥ ಬರೆದ ವಿಲಿಯಂ ಸ್ಟರ್ನ್ ಅಂಥವರೂ ಇದು ಮುಖ್ಯವಾಗಿ ಬರೆಯುವ ಭಾಷೆ, ಕೇಳಿದವರಿಗೆ ತಿಳಿದರೆ ಸಾಕು ಎಂಬ ಉದಾರ ನಿಲುವಿನವರು. ಲ್ಯಾಟಿನ್ನಿನ ಹಳೆಯ ರೂಢಿ ಹಿಡಿದರೆ ಕೊನೆಯಿಂದ ಎರಡನೆಯ ಉಚ್ಚಾರಾಂಶ ಭಾರವಾಗಿದ್ದರೆ ಒತ್ತು ಅದರ ಮೇಲೆ: ಸೆಮೆ-ಕಾರ್-ಪಸ್, ಕತ್ತಲೆಕಾ-ನೆನ್-ಸಿಸ್. ಇಂಗ್ಲಿಷ್ ಮನೆಮಾತಿನವರು ಟಿ ಎಚ್ ಕಂಡ ಕೂಡಲೇ ‘ಥಿಂಕ್’ ಪದದ ಥಕಾರ ಎಳೆಯುತ್ತಾರೆ. ದಕ್ಷಿಣ ಭಾರತದಲ್ಲಿ ನಾವು ತಕಾರಕ್ಕೆ ಟಿ ಎಚ್ ಬರೆಯುತ್ತೇವೆಂಬುದು ಅವರಿಗೇನು ಗೊತ್ತು? ಒತ್ತಕ್ಷರವೂ, ಕೊನೆಯ ಉಕಾರವೂ ರೋಮನ್ ಲಿಪಿಯಲ್ಲಿ ಬಿದ್ದುಹೋಗಿವೆ. ಹೀಗಾಗಿ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಈ ಹೆಸರನ್ನು ಸರಿಯಾಗಿ ಹೇಳುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಸಿದ್ದಾಪುರದವರಿಗೆ. ಆಕ್ಸ್‌ಫರ್ಡಿನವರು ಕೇಳಿ ಕಲಿಯಲಿ! ಕಾಗುಣಿತ ಸರಿಯಿಲ್ಲ, ಇನ್ನೊಂದು ಟಿ ಸೇರಿಸೋಣ ಎಂದು ಮಾತ್ರ ಯಾರೂ ಹೊರಡುವಂತಿಲ್ಲ. ಮೊದಲು ಪ್ರಕಟವಾದಾಗಿನ ಕಾಗುಣಿತವನ್ನು ಹಾಗೇ ಕಾಯುವುದು ಕಟ್ಟಳೆ.

ಇಷ್ಟೆಲ್ಲ ಹರಸಾಹಸ ಏಕೆ, ಇಂಗ್ಲಿಷಿನಲ್ಲಿ ‘ಜೌಗಿನ ಗೇರು’ ಎಂಬರ್ಥದ ಒಂದು ಸರಳ ಹೆಸರು ಕಟ್ಟಿದರಾಗದೇ ಎಂದು ನೀವು ಕೇಳಬಹುದು. ಶರಾವತಿಯದೇ ಒಂದು ಹುಲ್ಲಿನ ಕಥೆ ಕೇಳಿ. 1919ರಲ್ಲಿ ಸೆಡ್ಜ್‌ವಿಕ್ ಮತ್ತು ಬೆಲ್ ಎಂಬಿಬ್ಬರು ಜೋಗದ ಬಳಿ ನೀರ ತುಂತುರಿನಲ್ಲಿ ನೆನೆಯುತ್ತಿದ್ದ ಒಂದು ಹುಲ್ಲು ಕಿತ್ತು ಒಣಗಿಸಿಟ್ಟರು. ಸುಮಾರು ಮೂರು ದಶಕ ಕಳೆದ ಮೇಲೆ ಹುಲ್ಲುಗಳ ಪಂಡಿತ ಬೋರ್ ಅದಕ್ಕೆ ಹಬಾರ್ಡಿಯಾ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟ. ಹಬರ್ಡ್ ಎಂಬ ತಜ್ಞನ ನೆನಪು, ಜೊತೆಗೆ ಏಳು ನರದ್ದು ಎಂಬ ಲಕ್ಷಣ. ಅಷ್ಟರಲ್ಲಿ ಜೋಗದ ನೀರಿನ ಗತಿಯೇ ಬದಲಾಗಿತ್ತು. ಹುಲ್ಲು ಮತ್ತೆ ಅಲ್ಲಿ ಕಾಣಲಿಲ್ಲ, ನಿರ್ನಾಮವಾಯಿತೆಂದು ಬಗೆದರು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ ಮಹಾರಾಷ್ಟ್ರದ ತಿಲ್ಲಾರಿಯ ಬಂಡೆಗಳ ಮೇಲೆ ಕೊಲ್ಹಾಪುರದ ಸಸ್ಯಶಾಸ್ತ್ರಜ್ಞರಿಗೆ ಒಂದು ಹುಲ್ಲು ಸಿಕ್ಕಿತು. ಅದೇ! ಆ ಏಳು ನರಗಳೇ! ಒಣಗಿದ ಮಾದರಿ, ಅದಕ್ಕೆ ಅಂಟಿಸಿದ ಲ್ಯಾಟಿನ್ ಹೆಸರು ಇಲ್ಲದೇ ಹೋಗಿದ್ದರೆ ಸಿಕ್ಕಿದ್ದೇನೆಂದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಹೆಸರಿನೊಳಗಿನ ಊರನ್ನು ಬೇಲಿ ಎಂದು ತಿಳಿಯಬಾರದು ಎಂಬುದನ್ನೂ ಈ ಕಾನೇ ಕಲಿಸುತ್ತದೆ. ಸಿಜಿಜಿಯಂ ಟ್ರಾವಂಕೋರಿಕಂ ಹೆಸರಲ್ಲೇ ತಿರುವಾಂಕೂರು ಇದೆ. ದಕ್ಷಿಣ ಕೇರಳದ ಮರ, ಬೆರಳೆಣಿಕೆಯಷ್ಟು ಉಳಿದಿದೆ ಎಂದೇ ನಂಬಲಾಗಿತ್ತು. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಉತ್ತರ ಕನ್ನಡದ ಜೌಗು ಕಾನುಗಳಲ್ಲಿ ಅದನ್ನು ಕಂಡು, 2008ರಲ್ಲಿ ಪ್ರಕಟಿಸಿದಾಗ ತಜ್ಞರು ಬೆರಗಾದರು. ನೂರಾರು ಕಿಲೋಮೀಟರ್ ಉತ್ತರಕ್ಕೆ! ನಡುವಿನ ನಾಡಿನ ಬಹುಪಾಲು ಜೌಗುಗಳು ಗದ್ದೆಯಾಗಿ, ತೋಟವಾಗಿ ಕರಗಿಹೋದ ಮೇಲೆ ಎರಡು ತುದಿಗಳಲ್ಲಿ ಉಳಿದ ಚೂರುಗಳು ಅವು. ನಮ್ಮ ಕತ್ತಲೆಕಾನೆನ್ಸಿಸ್ ಕೂಡ ಆಮೇಲೆ ಕತ್ತಲೆಕಾನಿನಾಚೆಯ ಬೇರೆ ಕೆಲವು ಜೌಗುಗಳಲ್ಲಿ ಪತ್ತೆಯಾಗಿದೆ. ಹೆಸರು ಬದಲಾಗುವುದಿಲ್ಲ, ಮೊದಲು ಗುರುತು ಸಿಕ್ಕ ಊರಿನ ಗೌರವ ಊರಿಗೇ.

ಈಗ ನಾನು ಇಷ್ಟು ಹೊತ್ತು ತಡೆದಿಟ್ಟುಕೊಂಡ ಮಾತು. ಕತ್ತಲೆಕಾನಿಗೆ ಹೊನ್ನಾವರದ ಕಡೆಯಿಂದ ಬರುವವರು ಶರಾವತಿಯ ದಡದ ಯಾವ ಊರನ್ನು ದಾಟಿ ಘಟ್ಟ ಹತ್ತುತ್ತಾರೆ?

ಗೇರುಸೊಪ್ಪೆ!

ಗೇರು. ಸೊಪ್ಪು. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿ ಹದಿನಾರನೇ ಶತಮಾನದಲ್ಲಿ ಆಳಿದ ಗೇರುಸೊಪ್ಪೆ. ಆ ಊರಿಗೆ ಸಂಸ್ಕೃತದಲ್ಲಿದ್ದ ಹೆಸರು ಭಲ್ಲಾತಕೀಪುರ. ಭಲ್ಲಾತಕ ಎಂದರೆ ಕಾಡುಗೇರು, ಸೆಮೆಕಾರ್ಪಸ್! ಮೈ ಜುಮ್ಮೆನ್ನುವುದಿಲ್ಲವೇ? ಲಿನೇಯಸ್‌ನ ಮಗ ಗ್ರೀಕ್ ಪದಗಳನ್ನು ಹೆಣೆಯುವುದಕ್ಕೆ ಎಷ್ಟೋ ಮೊದಲೇ ಈ ಕಣಿವೆಯ ಜನ ಸೆಮೆಕಾರ್ಪಸ್ಸಿನ ಹೆಸರಿನಲ್ಲಿ ಒಂದು ರಾಜಧಾನಿಯನ್ನೇ ಕಟ್ಟಿ ಕೂತಿದ್ದರು. ಬುಡದಲ್ಲಿ ಮರದ ಹೆಸರನ್ನು ಹೊತ್ತ ಊರು, ಘಟ್ಟದ ಮೇಲೆ ಊರಿನ ಹೆಸರನ್ನು ಹೊತ್ತ ಮರ. ಒಂದನ್ನು ಇಟ್ಟವರು ಕನ್ನಡದ ಜನ, ಇನ್ನೊಂದನ್ನು ಇಟ್ಟದ್ದು ಲ್ಯಾಟಿನ್ ವಿಜ್ಞಾನ. ನಡುವೆ ಇರುವುದು ಒಂದು ಘಟ್ಟದ ದಾರಿ, ಅಷ್ಟೇ. ಇದನ್ನು ಯಾವ ಕಾದಂಬರಿಕಾರನಾದರೂ ಕಟ್ಟಿ ಬರೆದಿದ್ದರೆ ಅತಿಯಾಯಿತು ಎಂದು ನಾವೇ ಹಳಿಯುತ್ತಿದ್ದೆವು.

ಮರದ ಸ್ಥಿತಿ ಮಾತ್ರ ಸಂಭ್ರಮಿಸುವಂತಿಲ್ಲ. ಸಂಶೋಧಕರ ಲೆಕ್ಕದಲ್ಲಿ ಇದು ತೀರ ಅಪಾಯದಲ್ಲಿರುವ ಪ್ರಭೇದ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಜೌಗಿನಲ್ಲಿ ಬರೀ ಒಂದೇ ಲಿಂಗದ ಮರಗಳುಳಿದರೆ ಅಲ್ಲಿಗೆ ವಂಶ ಮುಗಿಯಿತು. ಬೀಜವನ್ನು ಡಬ್ಬಿಯಲ್ಲಿ ಒಣಗಿಸಿ ಕಾಪಿಡೋಣ ಎಂದರೆ ಅದೂ ಆಗದು. ಒಣಗಿದ ಬೀಜ ಸತ್ತಂತೆಯೇ, ಹಸಿಯಾಗಿದ್ದಾಗಲೇ ಮೊಳೆಯಬೇಕು. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಬೀಜದಿಂದ ಸಸಿ ಮಾಡಿ ಜೌಗುಗಳಿಗೆ ಮರಳಿಸುವ ಕೆಲಸಕ್ಕೆ ಕೈಹಾಕಿದ್ದು ಇದಕ್ಕೇ. ಕರ್ನಾಟಕ ಸರ್ಕಾರ 2011ರಲ್ಲಿ ಈ ಸೀಮೆಯನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದ ಒಳಗೆ ತಂದಿತು, 2019ರಲ್ಲಿ ಅದು ಶರಾವತಿ ಸಿಂಗಳೀಕ ಅಭಯಾರಣ್ಯದ ಭಾಗವಾಯಿತು. ಇಂಥ ಆದೇಶ, ವರದಿ, ನ್ಯಾಯಾಲಯದ ಅರ್ಜಿಗಳಲ್ಲಿ ‘ಒಂದು ಜಾತಿಯ ಕಾಡುಗೇರು’ ಎಂದು ಬರೆದರೆ ಎದುರು ಪಕ್ಷದವರು ಗೇರಿಗೇನು ಬರ, ಊರೆಲ್ಲ ಇದೆಯಲ್ಲ ಎಂದು ನಕ್ಕಾರು. ಕತ್ತಲೆಕಾನೆನ್ಸಿಸ್ ಎಂಬ ಒಂದು ಪದ ಅಲ್ಲಿ ನಗುವಿಗೆ ಜಾಗ ಬಿಡುವುದಿಲ್ಲ.

ಆದ್ದರಿಂದ ಓದುಗರಲ್ಲಿ ಎರಡು ಕೋರಿಕೆ. ಜೋಗ ನೋಡಿ ಹೊನ್ನಾವರಕ್ಕೆ ಇಳಿಯುವಾಗ, ಈ ಮರ ಎಲ್ಲಿದೆ ನೋಡಿಯೇ ಬಿಡೋಣ ಎಂದು ಜಡ್ಡಿಯೊಳಗೆ ನುಗ್ಗಬೇಡಿ. ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕಿಂತ ಹೆಚ್ಚಾಗಿ ಆ ಕೆಸರಿನಲ್ಲಿ ಕಾಲಡಿಗೆ ಸಿಕ್ಕುವುದು ಮೊಳಕೆಗಳೇ. ಎರಡನೆಯದು, ಮನೆಯಲ್ಲಿ ಮಕ್ಕಳಿದ್ದರೆ ಈ ಹೆಸರನ್ನು ಇಂಗ್ಲಿಷಿನಲ್ಲಿ ಒಮ್ಮೆ ಬರೆಯಿಸಿ: ಎಸ್ ದೊಡ್ಡದು, ಕೆ ಸಣ್ಣದು, ಎರಡು ಪದಗಳಿಗೂ ಅಡಿಗೆರೆ.